ಯಾವ ಸೀಬೆಯನ್ನು ಮನೆಗೆ ಒಯ್ಯುತ್ತೀರಿ?

ನಮ್ಮ ಕಡೆ, ಹಣ್ಣು ಕೊಟ್ಟವರ ಎದುರಿಗೆ ‘ಇದು ಚೆನ್ನಾಗಿಲ್ಲ’ ಅನ್ನುವವರು ಸಿಗುವುದು ಕಷ್ಟ. ಮದುವೆ ಮನೆಯಲ್ಲಿ ಸಾರಿಗೆ ಉಪ್ಪೇ ಬಿದ್ದಿಲ್ಲದಿದ್ದರೂ ಎಲೆಯ ಮುಂದೆ ಕೂತವರು ‘ಬಹಳ ಚೆನ್ನಾಗಿತ್ತು’ ಎಂದೇ ಏಳುತ್ತಾರೆ. ಬೇರೆ ಮಾತೇನಿದ್ದರೂ ಬಸ್ ಹತ್ತಿದ ಮೇಲೆ. ಒಳ್ಳೆಯ ಗುಣವೇ. ಆದರೆ ಈ ಒಳ್ಳೆಯ ಗುಣದಿಂದಲೇ ನನ್ನ ಒಂದು ಹಂಗಾಮಿನ ಕೆಲಸವೆಲ್ಲ ನೀರುಪಾಲಾಗುವುದರಲ್ಲಿತ್ತು.

ಆಗ ನಾನು ಚಿಂತಾಮಣಿ ಹತ್ತಿರದ ಒಂದು ತೋಟದಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಹಣ್ಣು ಬೆಳೆದು ಮಾರುವುದಿಲ್ಲ, ಹೊಸ ತಳಿಯ ಹಣ್ಣು ಹುಟ್ಟಿಸುತ್ತಾರೆ. ಒಂದು ಜಾತಿಯ ಸೀಬೆ ಹೂವಿನ ಪರಾಗವನ್ನು ಇನ್ನೊಂದು ಜಾತಿಯ ಸೀಬೆ ಹೂವಿಗೆ ಮುಟ್ಟಿಸಿ, ಆ ಹಣ್ಣಿನ ಬೀಜ ಬಿತ್ತಿ, ಬಂದ ಸಸಿಗಳನ್ನೆಲ್ಲ ನೆಟ್ಟು, ಫಲ ಬಿಡುವವರೆಗೆ ಕಾಯುವುದು. ಒಂದೇ ತಂದೆ ತಾಯಿಯ ಮಕ್ಕಳಾದರೂ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಒಂದರ ಹಣ್ಣು ಸಿಹಿ, ಒಂದರದು ಒಗರು. ಒಂದು ಒಳಗೆ ಬಿಳಿ, ಪಕ್ಕದ್ದು ಗುಲಾಬಿ. ಅಷ್ಟು ಗಿಡಗಳಲ್ಲಿ ಯಾವುದೋ ಒಂದೆರಡು ಉಳಿಸಿಕೊಳ್ಳುವಂಥವು ಇರುತ್ತವೆ. ಆ ಒಂದೆರಡು ಯಾವುವು ಎಂದು ಕಂಡುಹಿಡಿಯುವುದೇ ಎಲ್ಲ ಕೆಲಸ.

ತೋಟದ ವಿಜ್ಞಾನಿಯನ್ನು ನಾವು ‘ಸಾರ್’ ಎಂದಷ್ಟೇ ಕರೆಯುತ್ತಿದ್ದೆವು. ಗೌರಿಬಿದನೂರು ಕಡೆಯವರು. ಮನೆಯಲ್ಲಿ ಇಂದಿಗೂ ಬೇಸಾಯವಿದೆ. ಮೆತ್ತಗೆ ಮಾತಾಡುತ್ತಾರೆ, ಸಿಟ್ಟು ಬಂದರೆ ಇನ್ನೂ ಮೆತ್ತಗೆ. ಒಳಗೆ ಕೆಂಪಗಿರುವ, ಬೀಜ ಹಲ್ಲಿನ ಸಂದಿಗೆ ಸಿಕ್ಕಿಕೊಳ್ಳದ ಒಂದು ಸೀಬೆ ನಮ್ಮ ಮಣ್ಣಿಗೆ ಬೇಕು ಎನ್ನುವುದು ಅವರ ಬಹಳ ವರ್ಷಗಳ ಆಸೆ. ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಕೇಳಿದ್ದರು:

“ಸೀಬೆ ಬಗ್ಗೆ ನಿನಗೇನು ಗೊತ್ತಮ್ಮ?”

“ತಿನ್ನೋದು ಗೊತ್ತು ಸಾರ್.”

ನಕ್ಕರು. ಮುಂದಿನ ಪ್ರಶ್ನೆ ಕೇಳುವ ಬದಲು ಒಂದು ಫೋನ್ ಕೈಗೆ ಕೊಟ್ಟು, “ಇದು ಗೊತ್ತಾ?” ಎಂದರು. ಅದು ಗೊತ್ತಿತ್ತು. ಚಿಕ್ಕಬಳ್ಳಾಪುರದಲ್ಲಿ ಬಿ.ಎಸ್ಸಿ. ಮುಗಿಸಿದ ಮೇಲೆ ನಾನು ಶಿಡ್ಲಘಟ್ಟದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಬಹಳ ಕಾಲ ಊರವರ ಆನ್‌ಲೈನ್ ಅರ್ಜಿ ತುಂಬಿದವಳು. ಪಹಣಿಯಿಂದ ಹಿಡಿದು ಸ್ಕಾಲರ್‌ಶಿಪ್‌ವರೆಗೆ ಏನು ತುಂಬಿಲ್ಲ. ಯಾವ ಅರ್ಜಿಯಲ್ಲಿ ಯಾವ ಪ್ರಶ್ನೆಯನ್ನು ತಪ್ಪಾಗಿ ಕೇಳಿದ್ದಾರೆ, ಎಲ್ಲಿ ಜನ ತಡವರಿಸುತ್ತಾರೆ ಎನ್ನುವುದು ನನಗೆ ನೋಡಿದ ಕೂಡಲೇ ತಿಳಿಯುತ್ತಿತ್ತು.

ತೋಟದಲ್ಲಿ ಪ್ರತಿ ಗಿಡಕ್ಕೂ ಒಂದು ಟ್ಯಾಗ್ ಕಟ್ಟಿದ್ದೆವು. ಅದರ ಮೇಲಿನ ಕ್ಯೂಆರ್ ಕೋಡನ್ನು ಫೋನಿಗೆ ತೋರಿಸಿದರೆ ಆ ಗಿಡದ ಪೂರ್ತಿ ಜಾತಕ ತೆರೆದುಕೊಳ್ಳುತ್ತದೆ: ತಾಯಿ ಯಾವುದು, ತಂದೆ ಯಾವುದು, ನೆಟ್ಟದ್ದು ಯಾವಾಗ, ಹೋದ ಸಲ ಎಷ್ಟು ಕಾಯಿ ಬಿಟ್ಟಿತ್ತು. ನಾನು ಹಣ್ಣು ಕಿತ್ತು ತೂಕ ಹಾಕಿ, ರಸದ ಸಿಹಿ ಅಳೆದು, ತಿರುಳಿನ ಬಣ್ಣವನ್ನು ಬಣ್ಣದ ಪಟ್ಟಿಯ ಜೊತೆ ಹೋಲಿಸಿ, ಬೀಜವನ್ನು ಒತ್ತಿ ನೋಡಿ, ಫೋಟೊ ತೆಗೆದು ಆ್ಯಪಿನಲ್ಲಿ ಸೇರಿಸುತ್ತಿದ್ದೆ. ತೋಟದೊಳಗೆ ನೆಟ್‌ವರ್ಕ್ ಇರಲಿಲ್ಲ. ಬರೆದದ್ದೆಲ್ಲ ಫೋನಿನಲ್ಲೇ ಕೂತಿದ್ದು, ಮಧ್ಯಾಹ್ನ ಗೇಟಿನ ಹತ್ತಿರ ಹೋಗಿ ನಿಂತರೆ ಡೇಟಾಬೇಸಿಗೆ ಹೋಗುತ್ತಿತ್ತು. ಬಿಸಿಲಿಗೆ ಫೋನ್ ಕಾದು ತಾನಾಗಿ ಬಂದ್ ಆಗುತ್ತಿತ್ತು. ಅದಕ್ಕೆ ಒಂದು ಒದ್ದೆ ಬಟ್ಟೆ ಇಟ್ಟುಕೊಂಡಿದ್ದೆ. ಜ್ವರ ಬಂದ ಮಗುವಿನ ಹಣೆಗೆ ಪಟ್ಟಿ ಹಾಕಿದ ಹಾಗೆ ಆ ಫೋನಿನ ಬೆನ್ನಿಗೆ ಹಾಕಿ ನೆರಳಲ್ಲಿ ಕೂತುಕೊಳ್ಳುತ್ತಿದ್ದೆ. ಟ್ಯಾಗಿನ ಅಕ್ಷರ ಬಿಸಿಲಿಗೆ ಮಾಸುತ್ತಿತ್ತು, ಗಿಣಿಗಳು ನಾನು ಗುರುತು ಹಾಕಿದ ಹಣ್ಣನ್ನೇ ಹುಡುಕಿ ಕಚ್ಚುತ್ತಿದ್ದವು. ಆದರೂ ಆ ಕೆಲಸ ನನಗೆ ಹಿಡಿಸಿತ್ತು.

ಒಂದು ದಿನ ಸಾರ್ ಕಾಫಿ ಕುಡಿಯುತ್ತಾ, “ಹೋದ ವರ್ಷ ಕೆಂಪು ತಿರುಳು ಇದ್ದು ಬೀಜ ಮೆತ್ತಗಿದ್ದ ಗಿಡಗಳು ಯಾವ್ಯಾವು ಅಂತ ಬೇಕಾಗಿತ್ತಮ್ಮ, ನಿಧಾನಕ್ಕೆ ತೆಗಿ” ಎಂದರು. ಅವರ ಲೋಟದಲ್ಲಿ ಕಾಫಿ ಇನ್ನೂ ಇರುವಾಗಲೇ ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದೆ. ಅವರು ಪರದೆಯನ್ನೇ ನೋಡುತ್ತಾ ಕೂತರು.

“ಇದನ್ನ ತೆಗೆಯೋಕೆ ನನಗೆ ಮೊದಲೆಲ್ಲ ಒಂದು ಬೇಸಿಗೆ ಬೇಕಾಗ್ತಿತ್ತು. ತೆಗೆಯೋ ಹೊತ್ತಿಗೆ ಗಿಡದಲ್ಲಿ ಮತ್ತೆ ಹೂವು ಬಂದಿರ್ತಿತ್ತು.”

ಅವತ್ತು ಬಸ್ಸಿನಲ್ಲಿ ಶಿಡ್ಲಘಟ್ಟಕ್ಕೆ ವಾಪಸ್ ಬರುವಾಗ ನಿಂತುಕೊಂಡೇ ಬಂದರೂ ಕಾಲು ನೋಯಲಿಲ್ಲ.

ಆ ಸಾಲುಸಾಲು ಗಿಡಗಳಲ್ಲಿ ಕೊನೆಗೆ ಐದು ಉಳಿದವು. ಅವುಗಳಿಂದ ಕಸಿ ಕಟ್ಟಿ ಬೆಳೆಸಿದ ಗಿಡಗಳೂ ಫಲಕ್ಕೆ ಬಂದವು. ಮುಂದಿನ ಹೆಜ್ಜೆ ರುಚಿ ಪರೀಕ್ಷೆ. ಯಂತ್ರ ಸಿಹಿಯನ್ನು ಅಳೆಯುತ್ತದೆ, ಆದರೆ ಜನಕ್ಕೆ ಹಿಡಿಸುತ್ತದೋ ಇಲ್ಲವೋ ಹೇಳುವುದಿಲ್ಲ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಈ ನಾಲ್ಕೂ ಕಡೆಗೆ ಹಣ್ಣು ತೆಗೆದುಕೊಂಡು ಹೋಗಿ ಜನರಿಗೆ ತಿನ್ನಿಸಿ ಕೇಳಿಕೊಂಡು ಬರಬೇಕು. ಆ ಕೆಲಸ ನನ್ನ ಪಾಲಿಗೆ ಬಂತು. ಐದು ಹೊಸ ಹಣ್ಣಿನ ಜೊತೆಗೆ ಹೋಲಿಕೆಗೆಂದು ಆರನೆಯದನ್ನೂ ಇಟ್ಟೆವು. ಅದು ಬೇಕೆಂದೇ ಆರಿಸಿದ ಕೆಟ್ಟ ಹಣ್ಣು. ಒಗರು, ಬೀಜ ಮರಳಿನ ಹಾಗೆ. ಆ್ಯಪಿನಲ್ಲಿ ನಾನೇ ಒಂದು ಹೊಸ ಪುಟ ಮಾಡಿದೆ. ಪ್ರತಿ ಹಣ್ಣಿಗೂ ಐದು ಮುಖಗಳು, ಅಳುವ ಮುಖದಿಂದ ನಗುವ ಮುಖದವರೆಗೆ. ಓದು ಬಾರದವರೂ ಬೆರಳಿಟ್ಟು ಹೇಳಬಹುದು ಎಂದು ನನಗೆ ಬಹಳ ಹೆಮ್ಮೆ.

ಮೊದಲು ಹೋದದ್ದು ಗೌರಿಬಿದನೂರಿಗೆ. ತೋಟದ ಗಾಡಿ ಓಡಿಸುತ್ತಿದ್ದವರು ಶಿಡ್ಲಘಟ್ಟದವರೇ, ನನ್ನ ಅಣ್ಣನ ವಯಸ್ಸಿನವರು. ನಾನು ಅಣ್ಣ ಎಂದೇ ಕರೆಯುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಅವರ ಮನೆಮಂದಿಯೆಲ್ಲ ರೇಷ್ಮೆ ನೂಲು ತೆಗೆಯುವವರು. ನಾವಿಬ್ಬರೂ ಒಂದು ಮಹಿಳಾ ಸಂಘದ ಸಭೆಗೆ ಹೋಗಿ, ತಟ್ಟೆಗಳಲ್ಲಿ ಹೋಳು ಜೋಡಿಸಿ, ಒಬ್ಬೊಬ್ಬರ ಮುಂದೂ ಫೋನ್ ಹಿಡಿದೆವು.

“ಚೆನ್ನಾಗಿದೆ ಕಣಮ್ಮ.”

“ಇದು?”

“ಇದೂ ಚೆನ್ನಾಗಿದೆ.”

“ಇದು ಸ್ವಲ್ಪ ಒಗರು ಅನ್ನಿಸಲ್ವಾ ಅಮ್ಮ?”

“ಒಗರು ಒಳ್ಳೇದು. ಹೊಟ್ಟೆಗೆ ತಂಪು.”

ಮರಳಿನಂಥ ಬೀಜದ ಆ ಆರನೇ ಹಣ್ಣಿಗೂ ನಗುವ ಮುಖವೇ. ಪಾಪ, ಅಷ್ಟು ದೂರದಿಂದ ಹಣ್ಣು ಹೊತ್ತು ತಂದಿದ್ದೀಯ ಎಂದು ನನ್ನ ಬೆನ್ನು ಸವರಿದವರೂ ಇದ್ದರು. ಒಬ್ಬರು ನನಗೆ ಮಜ್ಜಿಗೆ ಕೊಟ್ಟರು. ವಾಪಸ್ ಬಂದು ಡೇಟಾಬೇಸ್ ತೆರೆದರೆ ಆರೂ ಹಣ್ಣಿನ ಗೆರೆ ಒಂದೇ ಎತ್ತರದಲ್ಲಿ, ಹೊಸದಾಗಿ ಹಾಕಿದ ಹೆದ್ದಾರಿಯ ಹಾಗೆ ಸಪಾಟಾಗಿ ಇತ್ತು.

“ಏನಮ್ಮ ಇದು, ಎಲ್ಲಾರೂ ಫಸ್ಟ್ ಕ್ಲಾಸಾ?” ಎಂದರು ಸಾರ್, ಮೆತ್ತಗೆ.

ಎರಡನೆಯ ಸಲ ವಿದುರಾಶ್ವತ್ಥದ ಆಚೆಯ ಒಂದು ಹಳ್ಳಿಗೆ ಹೋದೆವು. ಅಲ್ಲಿ ಮನೆಮನೆಗೆ ಹೋಗಿ ತಿನ್ನಿಸುವ ಯೋಚನೆ. ಒಂದು ಮನೆಯ ಯಜಮಾನಿ ಜಗುಲಿಯಲ್ಲಿ ಕೂರಿಸಿ ಪ್ರೀತಿಯಿಂದಲೇ ಮಾತಾಡಿದರು. ಹೋಳು ಕೈಗೆ ತೆಗೆದುಕೊಂಡ ಮೇಲೆ ಊರು ಕೇಳಿದರು, ಅಪ್ಪ ಏನು ಮಾಡುತ್ತಿದ್ದರು ಎಂದು ಕೇಳಿದರು, ಆಮೇಲೆ ಯಾರ ಪೈಕಿ ಎಂದು ಕೇಳಿದರು. ಹೇಳಿದೆ. ನಮ್ಮ ಮನೆಯಲ್ಲಿ ಬುದ್ಧನ ಪಟ ಇದೆ. ಅಪ್ಪ ಮೇಷ್ಟ್ರಾಗಿದ್ದವರು, ಕೇಳಿದವರಿಗೆ ತಲೆ ಎತ್ತಿ ಹೇಳು ಎಂದು ಬೆಳೆಸಿದವರು. ಆ ಹೆಂಗಸು ಹೋಳನ್ನು ಜಗುಲಿಯ ಅಂಚಿನಲ್ಲಿ ಇಟ್ಟು, ಇವತ್ತು ನನಗೆ ಒಪ್ಪತ್ತು, ಮರೆತೇಬಿಟ್ಟಿದ್ದೆ ಎಂದರು. ಆ್ಯಪಿನಲ್ಲಿ ‘ತಿನ್ನಲಿಲ್ಲ’ ಎನ್ನುವುದಕ್ಕೆ ಕಾರಣ ಆರಿಸಬೇಕಿತ್ತು: ಇಷ್ಟವಿಲ್ಲ, ಸಕ್ಕರೆ ಕಾಯಿಲೆ, ಇತರೆ. ನಾನು ‘ಇತರೆ’ ಒತ್ತಿ ಎದ್ದು ಬಂದೆ. ಗಾಡಿಯಲ್ಲಿ ರೇಡಿಯೊ ಹಾಕಲು ಹೋದ ಅಣ್ಣ ಕೈ ಹಿಂದಕ್ಕೆ ತೆಗೆದುಕೊಂಡರು. ಆ ಸಿಟ್ಟು ನನಗೆ ಈಗಲೂ ಪೂರ್ತಿ ಇಳಿದಿಲ್ಲ. ಇಳಿಯಬೇಕು ಎಂದೂ ಅನ್ನಿಸಿಲ್ಲ.

ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಇನ್ನೊಂದು ಥರ. ಅಲ್ಲಿನ ಮಕ್ಕಳಿಗೆ ಫೋನ್ ಕೊಟ್ಟರೆ, ಹಣ್ಣು ಬಾಯಿಗೆ ಹೋಗುವ ಮೊದಲೇ ಆರೂ ಹಣ್ಣಿಗೆ ಮುಖ ಒತ್ತಿ ಮುಗಿಸಿಬಿಡುತ್ತಿದ್ದರು. ಯಾವಾಗ ಒತ್ತಿದರು ಎನ್ನುವುದೂ ಆ್ಯಪಿನಲ್ಲಿ ದಾಖಲಾಗುತ್ತದೆ; ನೋಡಿದರೆ ಅಗಿಯಲೂ ಸಮಯ ಸಾಲದಷ್ಟು ಬೇಗ ಒತ್ತಿದ್ದರು. ಆ ಡೇಟಾವನ್ನೂ ಬದಿಗಿಟ್ಟೆವು.

ಸಾರ್ ನನ್ನನ್ನು ಕರೆದು ಕೂರಿಸಿದರು. ಬೈಯಲಿಲ್ಲ. “ಬಿಡಮ್ಮ, ಇದು ನಮ್ಮ ಜನಕ್ಕೆ ಆಗೋದಲ್ಲ. ಸಿಹಿ, ತೂಕ, ಬೀಜ, ಇಷ್ಟರ ಮೇಲೇ ಆರಿಸಣ. ಈ ಹಂಗಾಮು ಮುಗಿದ ಮೇಲೆ ಐದರಲ್ಲಿ ಮೂರರ ಸಾಲು ಕೀಳಿಸಿ ತೆಗೆಸಿಬಿಡೋಣ.” ತೆಗೆಸಬೇಕಾದ ಸಾಲುಗಳನ್ನು ಪರದೆಯ ಮೇಲೆ ತೋರಿಸಿದರು. ಅದರಲ್ಲಿ ಏಳನೇ ಸಾಲಿನ ಹನ್ನೊಂದನೇ ಸಸಿಯಿಂದ ಬಂದ ಗಿಡಗಳೂ ಇದ್ದವು. ನಮ್ಮ ಬಾಯಲ್ಲಿ ಅದು ‘ಏಳು-ಹನ್ನೊಂದು’. ಹಣ್ಣು ಮಧ್ಯಮ ಗಾತ್ರ, ಸಿಪ್ಪೆ ಉಬ್ಬುತಗ್ಗು, ನೋಡಲು ಅಂಥ ಅಂದವೇನಿಲ್ಲ. ತಿರುಳು ಕೆಂಪಗಿದೆ, ಬೀಜ ಮೆತ್ತಗಿದೆ ಎನ್ನುವ ಕಾರಣಕ್ಕಷ್ಟೇ ಇಷ್ಟು ದೂರ ಬಂದಿತ್ತು.

“ಇನ್ನೊಂದು ಸಲ ನೋಡ್ತೀನಿ ಸಾರ್,” ಎಂದೆ. ಏನು ನೋಡುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

ಅವತ್ತು ಸ್ಟೋರ್ ರೂಮಿನಲ್ಲಿ ಕ್ರೇಟುಗಳನ್ನು ತೊಳೆಯಲು ಹಾಕುತ್ತಿದ್ದೆ. ಗೌರಿಬಿದನೂರಿಗೆ ಹೋಳು ಮಾಡಲು ಬೇಕಾದ್ದಕ್ಕಿಂತ ಹೆಚ್ಚು ಹಣ್ಣು ಒಯ್ದಿದ್ದೆವು. ಸಭೆ ಮುಗಿದ ಮೇಲೆ ಬೇಕಾದವರು ತಗೊಂಡು ಹೋಗಿ ಎಂದು ಹೇಳಿ ನಾನು ಮಜ್ಜಿಗೆ ಕುಡಿಯುತ್ತಾ ಕೂತಿದ್ದೆ. ಅಲ್ಲಿಂದ ವಾಪಸ್ ಬಂದ ಕ್ರೇಟುಗಳನ್ನು ಹಾಗೆಯೇ ಒಂದು ಮೂಲೆಗೆ ಜೋಡಿಸಿಟ್ಟಿದ್ದೆವು. ಐದರಲ್ಲಿ ಹಣ್ಣು ಉಳಿದು ಕೊಳೆಯಲು ಶುರುವಾಗಿ ನೊಣ ಮುತ್ತಿತ್ತು. ಒಂದು ಮಾತ್ರ ಪೂರ್ತಿ ಖಾಲಿ, ಎರಡು ಎಲೆ ಬಿಟ್ಟರೆ ಏನೂ ಇಲ್ಲ. ತಿರುಗಿಸಿ ಅದರ ಟ್ಯಾಗ್ ನೋಡಿದೆ. ಏಳು-ಹನ್ನೊಂದು.

ಅಲ್ಲೇ ಒದ್ದೆ ಕೈಯಲ್ಲಿ ನಿಂತುಬಿಟ್ಟೆ. ಆ ಹೆಂಗಸರು ನನಗೆ ಸರಿಯಾಗಿಯೇ ಉತ್ತರ ಹೇಳಿದ್ದರು. ನಾನು ಅವರ ಬಾಯಿಯ ಮುಂದೆ ಫೋನ್ ಹಿಡಿದಿದ್ದೆ, ಅವರು ಕೈಚೀಲದಲ್ಲಿ ಉತ್ತರ ತುಂಬಿಕೊಂಡು ಹೋಗಿದ್ದರು. ಕಂಪ್ಯೂಟರ್ ಸೆಂಟರಿನಲ್ಲಿ ಅಷ್ಟು ವರ್ಷ ಬೇರೆಯವರ ಅರ್ಜಿಗಳ ತಪ್ಪು ಪ್ರಶ್ನೆ ಹುಡುಕಿದವಳಿಗೆ ನನ್ನ ಪ್ರಶ್ನೆಯ ತಪ್ಪು ಕಂಡದ್ದು ಆಗ.

ಮಾರನೆಯ ದಿನವೇ ಮುಖಗಳನ್ನೆಲ್ಲ ಅಳಿಸಿದೆ. ಹೊಸ ಪುಟದಲ್ಲಿ ಒಂದೇ ಪ್ರಶ್ನೆ ಇಟ್ಟೆ: ಯಾವ ಸೀಬೆಯನ್ನು ಮನೆಗೆ ಒಯ್ಯುತ್ತೀರಿ? ಅದನ್ನೂ ಬಾಯಲ್ಲಿ ಕೇಳಬೇಕಾಗಿಲ್ಲ. ಆರು ಕ್ರೇಟು, ಆರು ಬಣ್ಣದ ಚೀಟಿ, ಗಿಡದ ನಂಬರ್ ಯಾರಿಗೂ ಕಾಣದ ಹಾಗೆ. ಎಲ್ಲದರ ಹೋಳು ತಿಂದು ನೋಡಿ, ಆಮೇಲೆ ಇಷ್ಟವಾದದ್ದನ್ನು ಚೀಲಕ್ಕೆ ಹಾಕಿಕೊಳ್ಳಿ. ಅವರು ಹಣ್ಣು ಎತ್ತಿದಾಗ ನಾನು ಆ ಕ್ರೇಟಿನ ಕೋಡ್ ಸ್ಕ್ಯಾನ್ ಮಾಡುತ್ತೇನೆ, ಅಷ್ಟೆ. ಕನ್ನಡ, ತೆಲುಗು ಎರಡರಲ್ಲೂ ಒಂದು ಬೋರ್ಡ್ ಬರೆಸಿದೆ.

ಮೊದಲ ಪರೀಕ್ಷೆ ಎಲ್ಲಿ ಎಂದು ಕೇಳಿದಾಗ ಅಣ್ಣ, “ನಮ್ಮ ಗೂಡಿನ ಮಾರ್ಕೆಟ್‌ಗೆ ಹೋಗಣ ತಂಗಿ. ಹರಾಜು ಮುಗಿದ ಮೇಲೆ ಎಲ್ಲಾರೂ ಟೀ ಕುಡೀತಾ ಇರ್ತಾರೆ. ನಮ್ಮೋರು ಸುಮ್ಮನೆ ಹೊಗಳೋ ಜನ ಅಲ್ಲ,” ಎಂದರು.

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯನ್ನು ನಾನು ಚಿಕ್ಕಂದಿನಿಂದ ಹೊರಗಿನಿಂದ ನೋಡಿದ್ದೆ. ಒಳಗೆ ಹೋಗಿ ಮೇಜು ಹಾಕಿಕೊಂಡು ನಿಂತದ್ದು ಅದೇ ಮೊದಲು. ಗೂಡು ತಂದ ರೈತರು, ನೂಲು ತೆಗೆಯುವ ರೀಲರುಗಳು, ಅವರ ಉರ್ದು, ಇವರ ತೆಲುಗು, ನಡುವೆ ಎಲ್ಲರ ಕನ್ನಡ. ಗೂಡನ್ನು ಬೆರಳಲ್ಲಿ ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ಬೆಲೆ ಕೂಗುವ ಜನ ಸೀಬೆಯನ್ನೂ ಹಾಗೇ ಒತ್ತಿದರು, ಮೂಸಿದರು. ಬಿಳಿ ಗಡ್ಡದ ಒಬ್ಬರು ಆರೂ ಹೋಳು ಸಾವಕಾಶವಾಗಿ ತಿಂದು, ನಾಲಿಗೆಯಿಂದ ಹಲ್ಲು ತಡವಿ ನೋಡಿಕೊಂಡು, ಯಾವ ಮಾತೂ ಆಡದೆ ಹಳದಿ ಚೀಟಿಯ ಕ್ರೇಟಿಗೆ ಕೈ ಹಾಕಿದರು. ಅವರ ಹಿಂದಿದ್ದ ರೈತನೂ ಹಳದಿಗೇ ಕೈ ಹಾಕಿದ. ಆಮೇಲೆ ಮೂರು ನಾಲ್ಕು ಜನ ಅಂದದ ದೊಡ್ಡ ಹಣ್ಣು ಎತ್ತಿದರು. ಮತ್ತೆ ಹಳದಿ. ಮತ್ತೆ ಹಳದಿ. ಗೂಡಿನ ಬುಟ್ಟಿ ಹೊತ್ತಿದ್ದ ಒಬ್ಬ ಹೆಂಗಸು ಬಂದು, “ಏಮ್ಮಾ, ಇದಿ ಇಂಟಿಕಿ ತೀಸ್ಕೊಪೋವಚ್ಚಾ?” ಎಂದು ಹಳದಿ ಕ್ರೇಟನ್ನೇ ತೋರಿಸಿ ಕೇಳಿದಳು. ಮನೆಗೆ ತಗೊಂಡು ಹೋಗಬಹುದು ಎಂದು ನಾನು ತೆಲುಗಿನಲ್ಲೇ ಹೇಳಿದೆ. ಸೆರಗಿನಲ್ಲಿ ಕಟ್ಟಿಕೊಂಡಳು. ಹಳದಿ ಕ್ರೇಟು ಎಲ್ಲಕ್ಕಿಂತ ಮೊದಲು ಖಾಲಿಯಾಯಿತು. ಹೋಲಿಕೆಯ ಕೆಟ್ಟ ಹಣ್ಣನ್ನು ಒಬ್ಬರೂ ಮುಟ್ಟಿರಲಿಲ್ಲ.

ಡೇಟಾಬೇಸಿನಲ್ಲಿ ಆರು ಗೆರೆಗಳು ಮೊದಲ ಸಲ ಆರು ಎತ್ತರದಲ್ಲಿ ನಿಂತವು. ಹಳದಿ ಏಳು-ಹನ್ನೊಂದು.

ಸಾರ್ ಗೆರೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, “ಹಳದಿ ಕ್ರೇಟು ಎಲ್ಲಿತ್ತು?” ಎಂದರು.

“ಮೇಜಿನ ತುದಿಯಲ್ಲಿ ಸಾರ್. ಹೊರಗೆ ಹೋಗೋ ದಾರಿ ಕಡೆ.”

“ಅದಕ್ಕೇ ತಗೊಂಡಿರಬಹುದಲ್ಲಮ್ಮ. ಕೈಗೆ ಹತ್ತಿರ ಇತ್ತು.”

ಆ ಮಾತು ಕೇಳಿ ಬೇಜಾರಾಯಿತು, ಆದರೆ ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವರು ಆ ಪ್ರಶ್ನೆ ಕೇಳದೆ ಹೋಗಿದ್ದರೆ ಮುಂದೆ ಬೇರೆ ಯಾರಾದರೂ ಕೇಳುತ್ತಿದ್ದರು. ನಾನು ಆ್ಯಪಿನಲ್ಲಿ ಇನ್ನೊಂದು ಸೌಲಭ್ಯ ಸೇರಿಸಿದೆ. ಪ್ರತಿ ಗುಂಪು ಬಂದಾಗಲೂ ಯಾವ ಕ್ರೇಟು ಎಲ್ಲಿರಬೇಕು ಎಂದು ಫೋನೇ ಚೀಟಿ ಎತ್ತಿದ ಹಾಗೆ ಹೇಳುತ್ತದೆ. ಅದು ಹೇಳಿದ ಹಾಗೆ ಅಣ್ಣ ಕ್ರೇಟು ಬದಲಾಯಿಸುತ್ತಾರೆ. ಚೀಟಿಯ ಬಣ್ಣವೂ ಊರಿಂದೂರಿಗೆ ಬೇರೆ.

ಚಿಂತಾಮಣಿಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಮೇಜು ಹಾಕಿದೆವು. ಅಣ್ಣನಿಗೆ ಕ್ರೇಟು ಎತ್ತಿ ಇಳಿಸಿ ಸೊಂಟ ಹಿಡಿಯಿತು. ಏಳು-ಹನ್ನೊಂದು ಒಮ್ಮೆ ಮಧ್ಯ, ಒಮ್ಮೆ ಮೂಲೆ, ಒಮ್ಮೆ ಕಂಬದ ಹಿಂದೆ. ಕಂಬದ ಹಿಂದಕ್ಕೆ ಹೋದಾಗಲೂ ಜನ ಬಗ್ಗಿ ಕೈ ಹಾಕಿದರು. ಬಸ್ಸಿಗೆ ಓಡುತ್ತಿದ್ದವರೊಬ್ಬರು ಹೋಳು ತಿಂದು, ಬಸ್ ಬಿಟ್ಟರೆ ಬಿಡಲಿ ಎಂದು ವಾಪಸ್ ಬಂದು ಎರಡು ಹಣ್ಣು ಹಾಕಿಕೊಂಡು ಹೋದರು. ಆಮೇಲೆ ಗೌರಿಬಿದನೂರಿನ ಅದೇ ಸಂಘಕ್ಕೆ ಮತ್ತೆ ಹೋದೆವು. ಅವರು ಎಲ್ಲ ಹಣ್ಣನ್ನೂ ಮೊದಲಿನ ಹಾಗೇ ಹೊಗಳಿದರು. ಈ ಸಲ ನಾನು ಬಾಯಿಗೆ ಕಿವಿ ಕೊಡದೆ ಕೈ ನೋಡಿದೆ. ಚಿಕ್ಕಬಳ್ಳಾಪುರದ ಕಾಲೇಜಿನ ಮಕ್ಕಳು ಕೂಡ, ಒತ್ತಲು ಗುಂಡಿ ಇಲ್ಲದ್ದರಿಂದ, ನಿಂತು ತಿಂದು ಆರಿಸಿದರು. ನಾಲ್ಕು ಊರು, ನಾಲ್ಕು ಬಗೆಯ ಜನ. ಎಲ್ಲ ಕಡೆಯೂ ಏಳು-ಹನ್ನೊಂದು ಬಹಳ ಮುಂದೆ ಇತ್ತು.

“ತೆಗೆಸೋ ಪಟ್ಟಿಯಿಂದ ಅದನ್ನ ತೆಗಿಯಮ್ಮ,” ಎಂದರು ಸಾರ್. ಆಮೇಲೆ, “ನಾನು ಸಿಪ್ಪೆ ನೋಡ್ತಾ ಕೂತಿದ್ದೆ,” ಎಂದು ತಮ್ಮಷ್ಟಕ್ಕೆ ನಕ್ಕರು.

ಅಷ್ಟಕ್ಕೆ ಮುಗಿಯಲಿಲ್ಲ. ಹೊಸ ತಳಿಯನ್ನು ರೈತರ ಜಮೀನಿನಲ್ಲಿ ಬೆಳೆಸಿ ನೋಡಬೇಕಾದರೆ ಪರಿಶೀಲನಾ ಸಮಿತಿ ಒಪ್ಪಬೇಕು. ಸಭೆ ಚಿಕ್ಕಬಳ್ಳಾಪುರದಲ್ಲಿ. ಸಾರ್ ತಳಿಯ ವಿಷಯ ಹೇಳಿದ ಮೇಲೆ, “ರುಚಿಯ ಡೇಟಾ ಇವರೇ ಹೇಳ್ತಾರೆ,” ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ನನಗೆ ಮೊದಲೇ ಹೇಳಿರಲಿಲ್ಲ. ನಾಲ್ಕೂ ಊರಿನ ಲೆಕ್ಕವನ್ನು ಪರದೆಯ ಮೇಲೆ ತೋರಿಸಿ ವಿವರಿಸಿದೆ.

ಸಮಿತಿಯ ಅಧ್ಯಕ್ಷೆ ನರೆತ ಕೂದಲಿನ ಗಟ್ಟಿ ಹೆಂಗಸು. ಕನ್ನಡಕದ ಮೇಲಿಂದ ನೋಡಿ, “ಎಲ್ಲಾ ಕಡೆ ಅಂಕ ಕೊಡಿಸ್ತಾರೆ. ನೀವು ಮನೆಗೆ ಒಯ್ದದ್ದನ್ನ ಎಣಿಸಿದ್ದೀರ. ಇದೇನು ಪದ್ಧತಿ?” ಎಂದರು.

“ಮೊದಲು ಅಂಕಾನೇ ಕೇಳಿದ್ವಿ ಮೇಡಂ. ನಮ್ಮ ಜನ ಎಲ್ಲಾದಕ್ಕೂ ಪೂರ್ತಿ ಅಂಕ ಕೊಟ್ರು. ಹೋಲಿಕೆಗೆ ಇಟ್ಟ ಕೆಟ್ಟ ಹಣ್ಣಿಗೂ ಕೊಟ್ರು. ಆ ಡೇಟಾನೂ ಇಲ್ಲೇ ಇದೆ, ಅಳಿಸಿಲ್ಲ.” ಸಪಾಟಾದ ಗೆರೆಗಳನ್ನು ತೋರಿಸಿದೆ. ಒಂದಿಬ್ಬರು ನಕ್ಕರು. ಅಧ್ಯಕ್ಷೆ ನಗಲಿಲ್ಲ.

“ಇದನ್ನ ಯೋಚನೆ ಮಾಡಬೇಕಾಗತ್ತೆ,” ಎಂದು ಊಟಕ್ಕೆ ಬಿಡುವು ಕೊಟ್ಟರು.

ಸಭೆಗೆ ಮುಂಚೆಯೇ ಎಲ್ಲರಿಗೂ ಹೋಳು ಕೊಟ್ಟಿದ್ದೆವು. ಆರೂ ಚೆನ್ನಾಗಿವೆ, ಒಂದಕ್ಕಿಂತ ಒಂದು ಚೆನ್ನಾಗಿವೆ ಎಂದಿದ್ದರು. ಈಗ ಬಾಗಿಲ ಬಳಿ ಕ್ರೇಟುಗಳನ್ನು ಇಟ್ಟು, ಫೋನು ಹೇಳಿದ ಕ್ರಮದಲ್ಲೇ ಜೋಡಿಸಿ, “ಮನೆಗೆ ನಿಮಗೆ ಹಿಡಿಸಿದ ಹಣ್ಣು ತಗೊಳ್ಳಿ,” ಎಂದೆ. ಒಬ್ಬೊಬ್ಬರಾಗಿ ಬಂದರು. ಹಸಿರು ಚೀಟಿಯದಕ್ಕೆ ಒಬ್ಬರು. ಅದಕ್ಕೇ ಇನ್ನೊಬ್ಬರು. ಒಬ್ಬರು ದೊಡ್ಡ ಹಣ್ಣು ಕೈಗೆ ತೆಗೆದುಕೊಂಡು, ಅದನ್ನು ವಾಪಸ್ ಇಟ್ಟು, ಹಸಿರಿನದನ್ನೇ ಎತ್ತಿದರು. ನಾನು ಸ್ಕ್ಯಾನ್ ಮಾಡುತ್ತಾ ಹೋದೆ. ಕೊನೆಗೆ ಅಧ್ಯಕ್ಷೆ ಬಂದು ಹಸಿರು ಕ್ರೇಟಿನಿಂದ ಎರಡು ಹಣ್ಣು ಆರಿಸಿ ಬ್ಯಾಗಿಗೆ ಹಾಕಿಕೊಂಡರು. ಫೋನಿನ ಸದ್ದು ಕೇಳಿ ನನ್ನ ಕೈ ನೋಡಿದರು.

“ನಮ್ಮನ್ನೂ ಲೆಕ್ಕಕ್ಕೆ ತಗೊಂಡ್ಯೇನಮ್ಮ?”

“ಹೌದು ಮೇಡಂ. ಹಸಿರು ಅಂದ್ರೆ ಏಳು-ಹನ್ನೊಂದು.”

ಅವರು ತಿರುಗಿ ಕ್ರೇಟುಗಳನ್ನು ನೋಡಿದರು. ಹಸಿರಿನದು ಅರ್ಧಕ್ಕಿಂತ ಕೆಳಗೆ ಇಳಿದಿತ್ತು, ಉಳಿದವು ಹೆಚ್ಚುಕಡಿಮೆ ಇಟ್ಟ ಹಾಗೇ ಇದ್ದವು. ಆಗ ನಕ್ಕರು, ಗಟ್ಟಿಯಾಗಿ, ಭುಜ ಕುಣಿಯುವ ಹಾಗೆ. ಕೈ ತೊಳೆಯಲು ಹೊರಟಿದ್ದವರನ್ನು ವಾಪಸ್ ಕರೆದರು. “ಬನ್ರಪ್ಪ, ಊಟ ಆಮೇಲೆ. ಇದನ್ನ ಮುಗಿಸಿಬಿಡಣ.” ಎಲ್ಲರೂ ನಿಂತೇ ಒಪ್ಪಿದರು. ನಾಲ್ಕೂ ತಾಲ್ಲೂಕಿನ ರೈತರ ಜಮೀನಿನಲ್ಲಿ ಏಳು-ಹನ್ನೊಂದನ್ನು ಬೆಳೆಸಿ ನೋಡುವುದು. ರುಚಿಯ ಪರೀಕ್ಷೆಗೆ ನಮ್ಮ ಪುಟವನ್ನೇ ಬೇರೆ ಹಣ್ಣುಗಳಿಗೂ ಬಳಸುವುದು. ಮಾವು, ಹಲಸಿನ ಮೇಲೆ ಕೆಲಸ ಮಾಡುವವರು ಅಲ್ಲೇ ನನ್ನ ಫೋನ್ ಇಸಕೊಂಡು ಹೇಗೆ ಮಾಡಿದ್ದು ಎಂದು ಕೇಳಿದರು. ಊಟಕ್ಕೆ ಕೂತಾಗ ನನ್ನ ಪಕ್ಕದ ಕುರ್ಚಿಗೆ ಅಧ್ಯಕ್ಷೆಯೇ ಬಂದು ಕೂತು, ತಮ್ಮ ತಟ್ಟೆಯ ಒಬ್ಬಟ್ಟನ್ನು ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದರು. ಸಾರ್ ಎದುರಿಗೆ ಕೂತು ಏನೂ ಆಗಿಲ್ಲ ಎನ್ನುವಂತೆ ಅನ್ನ ಕಲೆಸುತ್ತಿದ್ದರು, ಆದರೆ ಯಾವುದರ ಜೊತೆ ಯಾವುದನ್ನು ಕಲೆಸುತ್ತಿದ್ದೇನೆ ಎನ್ನುವ ಗಮನ ಅವರಿಗಿರಲಿಲ್ಲ.

ಹೊರಗೆ ಬಂದಾಗ ಅಣ್ಣ ಗಾಡಿಗೆ ಒರಗಿ ನಿಂತಿದ್ದರು. ನನ್ನ ಮುಖ ನೋಡಿದವರೇ ಮನೆಗೆ ಫೋನ್ ಮಾಡಿ ಉರ್ದುವಿನಲ್ಲಿ ಉದ್ದಕ್ಕೆ ಏನೋ ಹೇಳಿದರು. ಶಿಡ್ಲಘಟ್ಟ ತಲುಪಿದರೆ ಅವರ ಹೆಂಡತಿ ನಮ್ಮ ಮನೆಯಲ್ಲಿ ಅಮ್ಮನ ಜೊತೆ ಕೂತಿದ್ದರು, ಒಂದು ಡಬ್ಬಿ ತುಂಬ ಶಾವಿಗೆ ಪಾಯಸ ಇತ್ತು. ಅಮ್ಮನಿಗೆ ಡೇಟಾಬೇಸ್ ಎಂದರೇನು ಎಂದು ನಾನು ವಿವರಿಸಿದ್ದು ಎಷ್ಟು ಸಲವೋ. ಅವತ್ತು ಅವಳೇ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು, “ಅದು ಏನಿಲ್ಲ, ನಮ್ಮ ಹುಡುಗಿ ಎಲ್ಲಾ ಗಿಡದ ವಿಷಯಾನೂ ನೆನಪಿಟ್ಕೊಳ್ತಾಳೆ.” ತಿದ್ದಲು ಹೋಗಲಿಲ್ಲ.

ಮುಂದಿನ ವಾರ ಸಾರ್ ನನ್ನನ್ನು ನರ್ಸರಿಗೆ ಕರೆದರು. ತಾಲ್ಲೂಕುಗಳಿಗೆ ಕಳಿಸಬೇಕಾದ ಕಸಿ ಗಿಡಗಳ ಕೆಲಸ ಶುರುವಾಗಿತ್ತು. ಕೈಗೆ ಚಾಕು ಕೊಟ್ಟು, “ಮೊದಲನೇದು ನೀನೇ ಕಟ್ಟಮ್ಮ,” ಎಂದರು. ಅಲ್ಲಿಯವರೆಗೆ ನಾನು ಗಿಡಗಳನ್ನು ಅಳೆದಿದ್ದೆನೇ ಹೊರತು ಒಂದನ್ನೂ ಹುಟ್ಟಿಸಿರಲಿಲ್ಲ. ಅವರು ಹೇಳಿದ ಹಾಗೆ ಬುಡದ ಸಸಿಯ ತಲೆ ಕತ್ತರಿಸಿ, ನಡುವೆ ಸೀಳಿ, ಏಳು-ಹನ್ನೊಂದರ ಕಡ್ಡಿಯನ್ನು ಎರಡು ಕಡೆ ಕೆತ್ತಿ ಆ ಸೀಳಿನಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿದೆ. ಮೇಲೆ ಒಂದು ಸಣ್ಣ ಕವರಿನ ಟೋಪಿ ಹಾಕಿದೆ. ದಿನಾ ಬಂದ ಕೂಡಲೇ ಅದನ್ನು ನೋಡುತ್ತಿದ್ದೆ. ಬಹಳ ದಿನ ಅದು ಬರೀ ಕಡ್ಡಿಯಾಗಿಯೇ ಇತ್ತು. ಒಂದು ಬೆಳಿಗ್ಗೆ ಕವರಿನೊಳಗೆ ಹನಿ ಕಟ್ಟಿತ್ತು, ಹನಿಗಳ ಹಿಂದೆ ಕಡ್ಡಿಯ ಪಕ್ಕದಿಂದ ಎರಡು ಎಲೆ ಇಣುಕಿದ್ದವು, ಕೆಂಪು ಮಿಶ್ರಿತ ಹಸಿರು, ನನ್ನ ಕಿರುಬೆರಳ ಉಗುರಿಗಿಂತ ಚಿಕ್ಕವು.

ಹೊಸ ಟ್ಯಾಗ್ ಅಚ್ಚು ಹಾಕಿ ತಂದು ಕಟ್ಟಿದೆ. ಫೋನ್ ತೋರಿಸಿದೆ. ಪರದೆಯ ಮೇಲೆ ‘ಹೊಸ ಗಿಡ, ಸೇರಿಸಬೇಕೆ?’ ಎಂದು ಬಂತು. ಸೇರಿಸಿದೆ.